ನಿಮಗಿದು ಗೊತ್ತೆ? ಜಾರಿ ಬಿದ್ದ ಚೀಟಿಯಿಂದ ಹುಟ್ಟಿದ ಸರಕು

ಕಚೇರಿಯ ಮೇಜಿಗೂ ಫ್ರಿಜ್ ಬಾಗಿಲಿಗೂ ನಾವು ಅಂಟಿಸುವ ಹಳದಿ ಚೀಟಿ, ಮೇಲಿನವರ ಆದೇಶದಿಂದ ಹುಟ್ಟಿದ್ದಲ್ಲ. ಮರಳು ಕಾಗದ ಮಾಡಿಯೇ ಬೆಳೆದ ಅಮೆರಿಕದ 3ಎಂ ಕಂಪನಿಯಲ್ಲಿ 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಹುಡುಕಹೊರಟರು. ಸಿಕ್ಕಿದ್ದು ಮೆಲ್ಲಗೆ ಹಿಡಿದು, ಕಿತ್ತರೆ ಸಲೀಸಾಗಿ ಬಿಡುವ ಅಂಟು. ಅದರ ಉಪಯೋಗ ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ.

ಸಹೋದ್ಯೋಗಿ ಆರ್ಟ್ ಫ್ರೈ ಚರ್ಚಿನ ಗಾಯಕವೃಂದದಲ್ಲಿದ್ದವರು. ಹಾಡಿನ ಪುಸ್ತಕದೊಳಗೆ ಗುರುತಿಗೆಂದು ಇಟ್ಟ ಚೀಟಿಗಳು ಪದೇಪದೇ ಜಾರಿ ಬೀಳುತ್ತಿದ್ದವು. 1974ರಲ್ಲಿ ಅವರಿಗೆ ಸಿಲ್ವರ್ ಅವರ ಅಂಟು ನೆನಪಾಯಿತು! ಕೆಲಸದ ವೇಳೆಯ ಶೇ 15ರಷ್ಟನ್ನು ಸ್ವಂತ ಆಲೋಚನೆಗೆ ಬಳಸಲು ಅಲ್ಲಿ ಅವಕಾಶವಿತ್ತು. ಫ್ರೈ ಅದನ್ನೇ ಬಳಸಿಕೊಂಡರು. ಹಳೇ ಕಂಪನಿಯೊಂದು ತನ್ನ ನೌಕರರಿಗೆ ಕೊಡಬಹುದಾದ ದೊಡ್ಡ ಬಂಡವಾಳ ಇಂಥ ಬಿಡುವೇ. (ಹಳದಿ ಬಣ್ಣ ಯಾರೂ ಆರಿಸಿದ್ದಲ್ಲ, ಪಕ್ಕದ ಪ್ರಯೋಗಾಲಯದಲ್ಲಿ ಸಿಕ್ಕ ಚೂರು ಕಾಗದ ಆ ಬಣ್ಣದ್ದಾಗಿತ್ತು.)

1977ರಲ್ಲಿ ನಾಲ್ಕು ನಗರಗಳಲ್ಲಿ ಮಾರಾಟಕ್ಕಿಟ್ಟಾಗ ಜನ ಅಷ್ಟಾಗಿ ಕೊಳ್ಳಲಿಲ್ಲ. ಮರುವರ್ಷ ಬಾಯ್ಸಿ ನಗರದಲ್ಲಿ ಪುಕ್ಕಟೆ ಹಂಚಿದರು. ಒಮ್ಮೆ ಬಳಸಿದವರಲ್ಲಿ ಬಹುತೇಕರು ಮತ್ತೆ ಬೇಕೆಂದರು. ‘ಪೋಸ್ಟ್-ಇಟ್’ ಹೆಸರಿನಲ್ಲಿ ಅದು ಅಮೆರಿಕದಾದ್ಯಂತ ಅಂಗಡಿಗೆ ಬಂದದ್ದು 1980ರಲ್ಲಿ, ಅಂಟು ಸಿಕ್ಕ 12 ವರ್ಷಗಳ ನಂತರ.