ಕೊಳ್ಳುವವರು ಒಬ್ಬರು, ಬಳಸುವುದು ಬೆಕ್ಕು
ಲಿಟ್ಟರ್ ತಟ್ಟೆಯ ದೂರುಗಳು ವರ್ತಕರಿಗೂ ಸಣ್ಣ ತಯಾರಕರಿಗೂ ಕಲಿಸುವ ಪಾಠ

ವ್ಯಾಪಾರದಲ್ಲಿ ಕೆಲವು ಸರಕುಗಳ ಸ್ವಭಾವವೇ ವಿಲಕ್ಷಣವಾದುದು. ಹಣ ಕೊಡುವವರು ಒಬ್ಬರಾದರೆ ಬಳಸುವವರು ಮತ್ತೊಬ್ಬರಾಗಿರುತ್ತಾರೆ. ಮಕ್ಕಳ ಆಟಿಕೆ, ದನಗಳ ಮೇವು ಮುಂತಾದವು ಈ ವರ್ಗಕ್ಕೆ ಸೇರಿದವು. ಸಾಕುಬೆಕ್ಕುಗಳ ಮಲಮೂತ್ರ ವಿಸರ್ಜನೆಗೆಂದು ಮನೆಯೊಳಗೆ ಇಡುವ ತಟ್ಟೆ ಹಾಗೂ ಅದರಲ್ಲಿ ತುಂಬುವ ಹರಳು ಮಣ್ಣು, ಅಂದರೆ ವ್ಯಾಪಾರಸ್ಥರ ಮಾತಿನಲ್ಲಿ ಲಿಟ್ಟರ್, ಇದೇ ಸಾಲಿಗೆ ಸೇರುತ್ತದೆ. ಮನೆಯ ಯಜಮಾನರು ಬೆಲೆ, ಬಣ್ಣ, ಸುವಾಸನೆ ನೋಡಿ ಇದನ್ನು ಕೊಳ್ಳುತ್ತಾರೆ. ಆದರೆ ಅದನ್ನು ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಬೆಕ್ಕಿನದು. ಅದು ತಿರಸ್ಕರಿಸಿದರೆ ದೂರು ಹೇಳುವುದಿಲ್ಲ. ನೆಲಹಾಸಿನ ಮೇಲೋ ಹಾಸಿಗೆಯ ಮೇಲೋ ತನ್ನ ತೀರ್ಪನ್ನು ಬರೆದು ಹೋಗುತ್ತದೆ.

ಈ ತೀರ್ಪಿನ ಪರಿಣಾಮ ಸಣ್ಣದಲ್ಲ. ಅಮೆರಿಕದಲ್ಲಿ ಬೆಕ್ಕುಗಳನ್ನು ಪ್ರಾಣಿ ಆಶ್ರಯಧಾಮಗಳಿಗೆ ಒಪ್ಪಿಸಲು ಕಾರಣವಾಗುವ ನಡವಳಿಕೆಗಳಲ್ಲಿ, ತಟ್ಟೆಯನ್ನು ಬಿಟ್ಟು ಮನೆಯನ್ನು ಗಲೀಜು ಮಾಡುವುದು ಪ್ರಮುಖವಾದುದು. ಹೀಗೆ ಒಂದು ಬೆಕ್ಕು ಮನೆ ಕಳೆದುಕೊಂಡಾಗ ಅಂಗಡಿಯೂ ಒಬ್ಬ ಕಾಯಂ ಗಿರಾಕಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಈ ದೂರಿನ ಒಳಮರ್ಮವನ್ನು ಅರಿಯುವುದು, ಸಾಕುಪ್ರಾಣಿ ಸಾಮಗ್ರಿಗಳ ವ್ಯಾಪಾರಕ್ಕೆ ಇಳಿದಿರುವ ಅಥವಾ ಇಳಿಯಬಯಸುವ ವರ್ತಕರಿಗೆ ಅತ್ಯಗತ್ಯ.

ದೂರಿನಿಂದ ಹುಟ್ಟಿದ ಉದ್ಯಮ

ಈ ಉದ್ಯಮವೇ ಒಂದು ದೂರಿನಿಂದ ಹುಟ್ಟಿದುದು ಗಮನಾರ್ಹ. 1947ರ ಚಳಿಗಾಲದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ ಎಡ್ವರ್ಡ್ ಲೋ ಎಂಬ ಯುವಕ ತಂದೆಯ ವ್ಯಾಪಾರದಲ್ಲಿ ತೊಡಗಿದ್ದರು. ಕಾರ್ಖಾನೆಗಳ ನೆಲದ ಮೇಲೆ ಚೆಲ್ಲಿದ ಎಣ್ಣೆಯನ್ನು ಹೀರುವ ಮರದ ಹೊಟ್ಟು, ಹೀರುವ ಜೇಡಿಮಣ್ಣು ಮೊದಲಾದವು ಅವರ ಸರಕು. ನೆರೆಯ ಮಹಿಳೆಯೊಬ್ಬರು ಬೆಕ್ಕಿನ ಪೆಟ್ಟಿಗೆಗೆ ಮರಳು ಕೇಳಿ ಬಂದರು. ಹೊರಗಿನ ಮರಳಿನ ರಾಶಿ ಹಿಮದಿಂದ ಗಟ್ಟಿಯಾಗಿತ್ತು. ಬದಲಿಗೆ ಬೂದಿ ಹಾಕಿದರೆ ಬೆಕ್ಕು ಮನೆತುಂಬ ಕಪ್ಪು ಹೆಜ್ಜೆಗಳನ್ನು ಮೂಡಿಸುತ್ತಿತ್ತು. ಲೋ ಅವರು ಮರಳಿನ ಬದಲಿಗೆ ಒಣಗಿಸಿ ಹರಳು ಮಾಡಿದ ಫುಲ್ಲರ್ಸ್ ಅರ್ತ್ ಕೊಟ್ಟರು. ನಮ್ಮಲ್ಲಿ ಮುಲ್ತಾನಿ ಮಿಟ್ಟಿ ಎಂದು ಕರೆಯುವುದು ಇದೇ ಜಾತಿಯ ಮಣ್ಣನ್ನು. ಕೆಲವು ದಿನಗಳಲ್ಲಿ ಆಕೆ ಮತ್ತಷ್ಟು ಬೇಕೆಂದು ಮರಳಿ ಬಂದರು.

ಲೋ ಅವರು 10 ಕಾಗದದ ಚೀಲಗಳಲ್ಲಿ ತಲಾ 5 ಪೌಂಡ್ ತುಂಬಿ, ಮೇಲೆ ‘ಕಿಟ್ಟಿ ಲಿಟ್ಟರ್’ ಎಂದು ಕೈಯಲ್ಲೇ ಬರೆದು, ಸ್ಥಳೀಯ ಅಂಗಡಿಗೆ ಒಯ್ದರು. ಬೆಲೆ 65 ಸೆಂಟ್. ಮರಳು ಇಷ್ಟು ಅಗ್ಗವಾಗಿ ಸಿಗುವಾಗ ಇದಕ್ಕೆ ಹಣ ಕೊಡುವವರಾರು ಎಂಬುದು ಅಂಗಡಿಯವರ ಸಂದೇಹ. ಹಾಗಾದರೆ ಉಚಿತವಾಗಿ ಕೊಡಿ ಎಂದರು ಲೋ. ಉಚಿತವಾಗಿ ಪಡೆದವರು ಹಣ ಹಿಡಿದು ಮತ್ತೆ ಬಂದರು. ಅನಂತರ ಅವರು ಬೆಕ್ಕುಗಳ ಪ್ರದರ್ಶನಗಳಿಗೆ ತಿರುಗಿ, ಅಲ್ಲಿನ ಪೆಟ್ಟಿಗೆಗಳನ್ನು ಸ್ವಚ್ಛಗೊಳಿಸುವ ಕೆಲಸಕ್ಕೆ ಪ್ರತಿಯಾಗಿ ಮಳಿಗೆಗೆ ಜಾಗ ಪಡೆದು ಸರಕನ್ನು ಪರಿಚಯಿಸಿದರು. 1964ರಲ್ಲಿ ‘ಟೈಡಿ ಕ್ಯಾಟ್’ ಎಂಬ ಹೆಸರು ಮಾರುಕಟ್ಟೆಗೆ ಬಂದಿತು. 1990ರಲ್ಲಿ ಅವರು ಈ ಉದ್ಯಮವನ್ನು ಸುಮಾರು 20 ಕೋಟಿ ಡಾಲರ್‌ಗೆ ಮಾರಿದರು. ಗಿರಾಕಿಯ ಬಾಯಿಂದ ಬಂದ ಕಪ್ಪು ಹೆಜ್ಜೆಗಳ ದೂರನ್ನು ತಳ್ಳಿಹಾಕದೆ ಕಿವಿಗೊಟ್ಟುದೇ ಇದಕ್ಕೆಲ್ಲ ಮೂಲ.

ಬೆಂಟೊನೈಟ್ ತಂದ ಬದಲಾವಣೆ

ಫುಲ್ಲರ್ಸ್ ಅರ್ತ್ ಮೂತ್ರವನ್ನು ಹೀರುತ್ತದೆ, ಆದರೆ ಒದ್ದೆಯಾದ ಭಾಗವನ್ನು ಬೇರ್ಪಡಿಸಲಾಗದು. ಹೀಗಾಗಿ ತಟ್ಟೆಯನ್ನೆಲ್ಲ ಬರಿದು ಮಾಡಬೇಕಾಗುತ್ತಿತ್ತು. 1984ರಲ್ಲಿ ಜೀವರಸಾಯನಶಾಸ್ತ್ರಜ್ಞ ಥಾಮಸ್ ನೆಲ್ಸನ್ ಅವರು, ಸುಡದೆ ಒಣಗಿಸಿದ ಬೆಂಟೊನೈಟ್ ಜೇಡಿಮಣ್ಣು ತೇವ ತಗುಲಿದಲ್ಲಿ ಉಬ್ಬಿ ಗಟ್ಟಿ ಉಂಡೆಯಾಗುವುದನ್ನು ಕಂಡುಕೊಂಡರು. ಆ ಉಂಡೆಯನ್ನಷ್ಟೇ ತೂತುಗಳಿರುವ ಸೌಟಿನಿಂದ ತೆಗೆದರೆ ಉಳಿದ ಮಣ್ಣು ಶುಚಿಯಾಗಿಯೇ ಇರುತ್ತದೆ. ಇಂದು ಮಾರಾಟವಾಗುವ ಉಂಡೆಗಟ್ಟುವ ಲಿಟ್ಟರ್‌ನ ತತ್ತ್ವ ಇದೇ.

ಬೆಂಟೊನೈಟ್ ಕರ್ನಾಟಕದ ಉದ್ಯಮಿಗಳಿಗೆ ಅಪರಿಚಿತವಲ್ಲ. ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿ ಅಚ್ಚಿನ ಮರಳನ್ನು ಹಿಡಿದಿಡಲು, ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ ಕಟ್ಟಲು, ಕೊಳವೆಬಾವಿ ಕೊರೆಯುವಲ್ಲಿ ಅದು ಬಳಕೆಯಾಗುತ್ತದೆ. ಗುಜರಾತಿನ ಕಚ್ ಮತ್ತು ರಾಜಸ್ಥಾನದ ಬಾರ್ಮೇರ್ ಜಿಲ್ಲೆಗಳಲ್ಲಿ ಅದರ ನಿಕ್ಷೇಪಗಳಿವೆ. ಕೊಳ್ಳುವಾಗ ಒಂದು ಭೇದವನ್ನು ಅರಿತಿರಬೇಕು. ಸೋಡಿಯಂ ಬೆಂಟೊನೈಟ್ ಚೆನ್ನಾಗಿ ಉಬ್ಬಿ ಗಟ್ಟಿ ಉಂಡೆಯಾಗುತ್ತದೆ. ಕ್ಯಾಲ್ಸಿಯಂ ಬೆಂಟೊನೈಟ್ ಅಷ್ಟು ಉಬ್ಬದು, ಸೋಡಾ ಆಶ್ ಬೆರೆಸಿ ಅದರ ಗುಣವನ್ನು ಹೆಚ್ಚಿಸುವುದುಂಟು. ಸೌಟು ತಾಗಿದೊಡನೆ ಪುಡಿಯಾಗುವ ಉಂಡೆ ತಟ್ಟೆಯ ತಳದಲ್ಲೇ ಉಳಿದು ನಾರುತ್ತದೆ. ಅಲ್ಲಿಂದಲೇ ಗಿರಾಕಿಯ ದೂರೂ ಆರಂಭ.

ಬೆಕ್ಕಿನ ಮನೋಧರ್ಮ

ಸಾಕುಬೆಕ್ಕಿನ ಮೂಲ ಉತ್ತರ ಆಫ್ರಿಕ ಹಾಗೂ ಪಶ್ಚಿಮ ಏಷ್ಯದ ಕಾಡುಬೆಕ್ಕು. ಸಡಿಲವಾದ ಮಣ್ಣನ್ನು ಕೆರೆದು, ವಿಸರ್ಜಿಸಿ, ಮುಚ್ಚುವುದು ಅದಕ್ಕೆ ಹುಟ್ಟುಗುಣ. ಮನೆ ಕಟ್ಟುವಲ್ಲಿ ಸುರಿದ ಮರಳಿನ ರಾಶಿಗೆ ಬೀದಿಯ ಬೆಕ್ಕುಗಳೆಲ್ಲ ಬರುವುದು ಇದರಿಂದಲೇ. ಮೃದುವಾದ ಸಣ್ಣ ಹರಳಿನ, ಉಂಡೆಗಟ್ಟುವ ಮಣ್ಣನ್ನು ಹೆಚ್ಚಿನ ಬೆಕ್ಕುಗಳು ಮೆಚ್ಚುತ್ತವೆ ಎಂಬುದು ಪ್ರಾಣಿ ನಡವಳಿಕೆಯ ತಜ್ಞರ ಅಭಿಪ್ರಾಯ. ಮನುಷ್ಯರ ಮೂಗಿಗೆ ಹಿತವಾದ ಗುಲಾಬಿ, ನಿಂಬೆಯ ಸುಗಂಧ ಅವುಗಳಿಗೆ ಸಾಮಾನ್ಯವಾಗಿ ಅಹಿತ. ಅಂಗಡಿಯಲ್ಲಿ ಕೈಗೆ ಬೇಗ ಸಿಗುವ ಸುವಾಸಿತ ಚೀಲವೇ ಮನೆಯಲ್ಲಿ ಬೆಕ್ಕು ಒಲ್ಲದ ಸರಕಾಗುವುದು ಹೀಗೆ.

ದಿನಸಿ ಮಂಡಿ, ಅಕ್ಕಿ ಗಿರಣಿಗಳಲ್ಲಿ ಇಲಿಗಳ ಕಾಟಕ್ಕೆಂದು ಬೆಕ್ಕನ್ನು ಇಟ್ಟುಕೊಂಡಿರುವ ವರ್ತಕರಿಗೂ ಈ ಸಂಗತಿ ಅನ್ವಯಿಸುತ್ತದೆ. ಹಗಲು ಹೊರಗೆ ಹೋಗಿಬರುವ ಬೆಕ್ಕಿಗೆ ರಾತ್ರಿ ಬಾಗಿಲು ಹಾಕಿದ ಮೇಲೆ ಮಣ್ಣು ಸಿಗದು. ಆಗ ಮೂಲೆಯ ಗೋಣಿಚೀಲವೇ ಅದಕ್ಕೆ ಗತಿ. ದಾಸ್ತಾನಿನಿಂದ ದೂರದಲ್ಲಿ ಮರಳು ತುಂಬಿದ ಅಗಲವಾದ ಒಂದು ತಟ್ಟೆಯನ್ನು ಇರಿಸಿ ದಿನವೂ ಶುಚಿಗೊಳಿಸಿದರೆ ನಷ್ಟ ತಪ್ಪೀತು.

ಮೂರು ದೂರುಗಳು, ಮೂರು ಕಾರಣಗಳು

ಮೊದಲನೆಯ ದೂರು: ಬೆಕ್ಕು ಮಣ್ಣನ್ನು ಸುತ್ತಲೂ ಚೆಲ್ಲುತ್ತದೆ. ಕೆರೆಯುವುದು ಅದರ ಸ್ವಭಾವವಾದುದರಿಂದ ನಿಲ್ಲಿಸಲಾಗದು, ಚೆಲ್ಲುವುದನ್ನು ತಡೆಯಬಹುದು. ಮೂರು ಕಡೆ ಎತ್ತರದ ಅಂಚು, ಪ್ರವೇಶಕ್ಕೆ ಒಂದು ಕಡೆ ತಗ್ಗು, ಮುಂದೆ ಒರಟು ಮೈಯ ಚಾಪೆ ಇದ್ದರೆ ಸಾಕು. ಸುಮಾರು 3 ಸೆಂಟಿಮೀಟರ್ ಆಳದ ಮಣ್ಣಿನಿಂದ ಆರಂಭಿಸಿ ಬೆಕ್ಕಿನ ಒಲವು ನೋಡಿ ಹೆಚ್ಚಿಸಬಹುದು. ಕಂಠಮಟ್ಟ ತುಂಬಿದಷ್ಟೂ ಚೆಲ್ಲುವುದು ಹೆಚ್ಚು.

ಎರಡನೆಯದು: ತಟ್ಟೆಯೊಳಗೇ ನಿಂತರೂ ಮೂತ್ರ ಅಂಚಿನಾಚೆ ಬೀಳುತ್ತದೆ. ಇದರಲ್ಲಿ ತಪ್ಪು ಅನೇಕ ವೇಳೆ ತಟ್ಟೆಯದು. ತಟ್ಟೆಯ ಉದ್ದ, ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟಾದರೂ ಇರಬೇಕೆಂದು 2014ರಲ್ಲಿ ಪ್ರಕಟವಾದ ಬೆಕ್ಕು ವೈದ್ಯರ ಅಂತರರಾಷ್ಟ್ರೀಯ ಮಾರ್ಗದರ್ಶಿ ಹೇಳುತ್ತದೆ. 45 ಸೆಂಟಿಮೀಟರ್ ಉದ್ದದ ಬೆಕ್ಕಿಗೆ ಈ ಲೆಕ್ಕದಂತೆ ಸುಮಾರು 68 ಸೆಂಟಿಮೀಟರ್ ತಟ್ಟೆ ಬೇಕು. ಮಾರುಕಟ್ಟೆಯ ಅನೇಕ ತಟ್ಟೆಗಳು ಇದಕ್ಕಿಂತ ಬಹಳ ಚಿಕ್ಕವು. ಅನುಭವಿಗಳಾದ ಬೆಕ್ಕು ಸಾಕಣೆದಾರರು ಬಟ್ಟೆ ಇಡುವ ದೊಡ್ಡ ಪ್ಲಾಸ್ಟಿಕ್ ಡಬ್ಬದ ಒಂದು ಬದಿಯನ್ನು ಕತ್ತರಿಸಿ ಬಳಸುವುದು ಇದೇ ಕಾರಣಕ್ಕೆ. ಗಿರಾಕಿ ತಾನೇ ಡಬ್ಬ ಕತ್ತರಿಸಿಕೊಳ್ಳುತ್ತಿರುವಲ್ಲಿ ತಯಾರಕರಿಗೆ ಒಂದು ಅವಕಾಶ ಕಾದಿದೆ ಎಂದೇ ಅರ್ಥ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ಬೆಕ್ಕು ತಟ್ಟೆಯನ್ನೇ ತೊರೆದು ಬೇರೆಡೆ ಹೋಗುತ್ತದೆ. ಕೊಳಕು ತಟ್ಟೆ, ಬಟ್ಟೆ ಒಗೆಯುವ ಯಂತ್ರದಂತಹ ಸದ್ದಿನ ಸಾಧನದ ಪಕ್ಕದ ಜಾಗ, ಏಕಾಏಕಿ ಬದಲಾದ ಮಣ್ಣು, ಒಂದೇ ತಟ್ಟೆಗೆ ಹಲವು ಬೆಕ್ಕುಗಳ ಪೈಪೋಟಿ ಇದಕ್ಕೆ ಕಾರಣವಾಗಬಹುದು. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಬೇಕು, ಅವು ಬೇರೆ ಬೇರೆ ಕಡೆ ಇರಬೇಕು ಎಂಬುದು ತಜ್ಞರ ಸೂತ್ರ. ಹೊಸ ಬಗೆಯ ಮಣ್ಣನ್ನು ಹಳೆಯದರೊಡನೆ ಬೆರೆಸುತ್ತ ಒಂದು ವಾರದಲ್ಲಿ ಕ್ರಮೇಣ ಬದಲಾಯಿಸಬೇಕು. ಮುಚ್ಚಳವಿರುವ ತಟ್ಟೆಯ ವಿಷಯದಲ್ಲಿ, ದಿನವೂ ಶುಚಿಗೊಳಿಸಿದರೆ ಒಟ್ಟಾರೆಯಾಗಿ ಬೆಕ್ಕುಗಳು ಮುಚ್ಚಳ ಇದ್ದುದಕ್ಕೂ ಇಲ್ಲದುದಕ್ಕೂ ಭೇದವೆಣಿಸುವುದಿಲ್ಲವೆಂದು 2013ರ ಅಧ್ಯಯನವೊಂದು ತೋರಿಸಿತು. ಆದರೆ ಮುಚ್ಚಳವು ಕೊಳೆಯನ್ನು ಮನೆಯವರ ಕಣ್ಣಿನಿಂದ ಮರೆಮಾಡುವುದರಿಂದ ಶುಚಿತ್ವ ತಪ್ಪುವ ಅಪಾಯ ಇದ್ದೇ ಇದೆ.

ಗಲೀಜಾದ ನೆಲವನ್ನು ಅಮೋನಿಯ ಇರುವ ದ್ರಾವಣದಿಂದ ತೊಳೆದರೆ ಅದರ ವಾಸನೆ ಮೂತ್ರವನ್ನೇ ಹೋಲುವುದರಿಂದ ಬೆಕ್ಕು ಅಲ್ಲಿಗೇ ಮರಳೀತು. ಫಿನಾಲ್ ಅಂಶವಿರುವ ಫಿನೈಲ್‌ಗಳು ಬೆಕ್ಕಿಗೆ ವಿಷಕಾರಿ. ಇದಕ್ಕೆ ಕಿಣ್ವ ಬೆರೆತ ದ್ರಾವಣಗಳೇ ಸೂಕ್ತ.

ಮಾರಾಟಕ್ಕಿಂತ ಮುಖ್ಯವಾದ ಒಂದು ಮಾತು

ಅಂಗಡಿಯವರು ಹೊಸ ಸರಕನ್ನು ತೋರಿಸುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗಿ ತಿಣುಕುತ್ತಿದೆಯೇ, ಮೂತ್ರ ಹನಿಹನಿಯಾಗಿ ಬರುತ್ತಿದೆಯೇ? ಹೌದೆಂದಾದರೆ ಅದು ಹಟಮಾರಿತನವಲ್ಲ, ರೋಗ. ಗಂಡು ಬೆಕ್ಕುಗಳಲ್ಲಿ ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣಾಪಾಯ ಒದಗುತ್ತದೆ. ಅಂಥ ಗಿರಾಕಿಗೆ ಲಿಟ್ಟರ್ ಮಾರುವುದಲ್ಲ, ಆ ಕ್ಷಣವೇ ಪಶುವೈದ್ಯರಲ್ಲಿಗೆ ಕಳುಹಿಸುವುದು ಧರ್ಮ. ಆ ದಿನ ತಪ್ಪಿದ ಮಾರಾಟ, ವಿಶ್ವಾಸದ ರೂಪದಲ್ಲಿ ಬಡ್ಡಿಸಮೇತ ಹಿಂದಿರುಗುತ್ತದೆ. ಗೋಡೆಗೆ ಬಾಲವೆತ್ತಿ ಚಿಮ್ಮಿಸುವುದು ಬೇರೆಯದೇ ಅಭ್ಯಾಸ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅದು ಬಹುಮಟ್ಟಿಗೆ ತಗ್ಗುತ್ತದೆ.

ಮನೆಯವರ ಆರೋಗ್ಯದ ದೃಷ್ಟಿಯಿಂದಲೂ ನಿತ್ಯ ಶುಚಿತ್ವ ಮುಖ್ಯ. ಕೆಲವು ಬೆಕ್ಕುಗಳ ಮಲದಲ್ಲಿ ಹೊರಬೀಳುವ ಟಾಕ್ಸೊಪ್ಲಾಸ್ಮಾ ಪರಾವಲಂಬಿಯು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ದಿನವೂ ತೆಗೆದರೆ ಆ ಅವಕಾಶ ತೀರ ಕಡಿಮೆ. ಗರ್ಭಿಣಿಯರು ಈ ಕೆಲಸವನ್ನು ಇತರರಿಗೆ ಬಿಡುವುದು ಲೇಸು.

ಸಣ್ಣ ತಯಾರಕರು ಗಮನಿಸಬೇಕಾದುದು

ಪ್ಲಾಸ್ಟಿಕ್ ಅಚ್ಚಿನ ಘಟಕಗಳಿಗೆ ದೊಡ್ಡ ಅಳತೆಯ, ನಯವಾದ ಒಳಮೈಯ, ಎತ್ತರದ ಅಂಚಿನ ತಟ್ಟೆ ಒಂದು ಯೋಗ್ಯ ಉತ್ಪನ್ನ. ಗೀರುಬಿದ್ದ ಮೈಯಲ್ಲಿ ವಾಸನೆ ನಿಲ್ಲುವುದರಿಂದ ಗಿರಾಕಿ ಕಾಲಕಾಲಕ್ಕೆ ಹೊಸದನ್ನು ಕೊಳ್ಳುತ್ತಾನೆ ಎಂಬುದೂ ನೆನಪಿನಲ್ಲಿರಲಿ.

ಮಣ್ಣಿಗೆ ಬದಲಾಗಿ ಪೈನ್ ಮರದ ಹೊಟ್ಟು, ಜೋಳ, ಸೋಯಾ ತಿರುಳು, ಮರುಬಳಕೆಯ ಕಾಗದ ಮೊದಲಾದ ಸಸ್ಯಮೂಲದ ಲಿಟ್ಟರ್‌ಗಳೂ ಬಳಕೆಯಲ್ಲಿವೆ. ತುಮಕೂರು, ಹಾಸನ ಜಿಲ್ಲೆಗಳ ನಾರಿನ ಘಟಕಗಳಲ್ಲಿ ಉಳಿಯುವ ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಬಲ್ಲದು. ಆದರೆ ಅದು ಹಗುರ, ರೋಮಕ್ಕೆ ಅಂಟುತ್ತದೆ, ಒದ್ದೆಯಾದಾಗ ಕಂದು ಬಣ್ಣ ಬಿಡುತ್ತದೆ. ಈ ದೋಷಗಳನ್ನು ನಿವಾರಿಸದೆ ಚೀಲಕ್ಕೆ ತುಂಬಿದರೆ ಕ್ಯಾಸೊಪೊಲಿಸ್‌ನ ಬೂದಿಯ ಕಥೆಯೇ ಮರುಕಳಿಸುತ್ತದೆ.

ಪರೀಕ್ಷೆಗೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಪರಿಚಿತರ ಕೆಲವು ಮನೆಗಳಲ್ಲಿ ಒಂದೇ ಅಳತೆಯ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇರಿಸಿ, ಒಂದರಲ್ಲಿ ಹಳೆಯ ಮಣ್ಣು, ಮತ್ತೊಂದರಲ್ಲಿ ಹೊಸ ಸರಕು ಹಾಕಬೇಕು. ಸ್ಥಾನಗಳನ್ನು ಆಗಾಗ ಅದಲುಬದಲು ಮಾಡಿ, ಪ್ರತಿದಿನ ಯಾವುದರಲ್ಲಿ ಎಷ್ಟು ಬಾರಿ ಎಂದು ಎರಡು ವಾರ ಲೆಕ್ಕವಿಟ್ಟರೆ ಬೆಕ್ಕಿನ ಅಭಿಪ್ರಾಯ ಅಂಕಿಗಳಲ್ಲೇ ದೊರೆಯುತ್ತದೆ.

ಜೇಡಿಮಣ್ಣನ್ನು ಪುಡಿಮಾಡಿ ಜರಡಿ ಹಿಡಿಯುವ ಘಟಕಗಳು ಕಾರ್ಮಿಕರ ರಕ್ಷಣೆಯನ್ನು ಮರೆಯಬಾರದು. ಈ ಮಣ್ಣಿನಲ್ಲಿ ಸ್ಫಟಿಕ ಸಿಲಿಕ ಬೆರೆತಿರುವುದುಂಟು. ಅದರ ದೂಳು ಶ್ವಾಸಕೋಶಕ್ಕೆ ಹಾನಿಕರ. ದೂಳು ಹೀರುವ ಯಂತ್ರ ಹಾಗೂ ಸೂಕ್ತ ಮುಖಗವಸಿನ ವ್ಯವಸ್ಥೆ ಇರಲೇಬೇಕು. ದೂಳು ಕಡಿಮೆಯಾದ ಸರಕನ್ನು ಗಿರಾಕಿಯೂ ಮೆಚ್ಚುತ್ತಾನೆ. ಪೊಟ್ಟಣದ ಮೇಲೆ ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮೊದಲಾದ ವಿವರಗಳು 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ಕಡ್ಡಾಯ. ಇವುಗಳ ಜೊತೆಗೆ ‘ಶೌಚಾಲಯದ ಕೊಳವೆಗೆ ಹಾಕಬಾರದು’ ಎಂಬ ಸೂಚನೆಯನ್ನೂ ಸ್ಪಷ್ಟ ಕನ್ನಡದಲ್ಲಿ ಮುದ್ರಿಸುವುದು ಒಳಿತು. ತೇವದಲ್ಲಿ ಉಬ್ಬುವ ಬೆಂಟೊನೈಟ್ ಕೊಳವೆಯೊಳಗೂ ಉಬ್ಬಿ ಕಟ್ಟಿಕೊಳ್ಳುತ್ತದೆ. ಬಹುಮಹಡಿ ವಸತಿ ಸಮುಚ್ಚಯದಲ್ಲಿ ಇದರ ಹೊರೆ ಎಲ್ಲ ನಿವಾಸಿಗಳ ಮೇಲೂ ಬೀಳುತ್ತದೆ.

ಬೆಲೆಯ ಪೈಪೋಟಿಯಲ್ಲಿ ದೊಡ್ಡ ಕಂಪನಿಗಳನ್ನು ಗೆಲ್ಲುವುದು ಸಣ್ಣ ಉದ್ಯಮಿಗೆ ಕಷ್ಟಸಾಧ್ಯ. ಆದರೆ ಗಿರಾಕಿ ಸಂಕೋಚದಿಂದ ಅರ್ಧ ಹೇಳಿ ನಿಲ್ಲಿಸುವ ದೂರನ್ನು ಪೂರ್ತಿ ಕೇಳಿಸಿಕೊಳ್ಳುವ ವ್ಯವಧಾನ ಅವನಿಗೆ ಸಾಧ್ಯ. ತಟ್ಟೆ ಎಷ್ಟು ಉದ್ದ, ಮನೆಯಲ್ಲಿ ಎಷ್ಟು ಬೆಕ್ಕು, ಎಷ್ಟು ದಿನಕ್ಕೊಮ್ಮೆ ಶುಚಿ, ಯಾವಾಗಿನಿಂದ ಈ ತೊಂದರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆದು ಸರಕು ಕೊಡುವ ಅಂಗಡಿಗೆ ಗಿರಾಕಿ ಮತ್ತೆ ಬರುತ್ತಾನೆ. ಅವನ ಬೆಕ್ಕಿಗೂ ಮನೆ ಉಳಿಯುತ್ತದೆ.