ಪೆಟ್ಟಿಗೆಗಳಲ್ಲಿ ಪಯಣಿಸಿದ ಚರಿತ್ರೆ

ತಿಂಡಿಗಳ ಹಲಗೆಯನ್ನು ಮೂರು ಭಾಷೆಗಳಲ್ಲಿ ಬರೆಯಿಸುವ ಕಷ್ಟವನ್ನು ಮಂಜಲ್‌ಪುರದ ಹೋಟೆಲಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಗುಜರಾತಿಯಲ್ಲಿ ಒಂದು ಸಾಲಿಗೆ ಮುಗಿದುದು ಕನ್ನಡದಲ್ಲಿ ಎರಡನ್ನು ಬೇಡುತ್ತದೆ. ಹೀಗಿರಲು, ಒಬ್ಬ ಮಹನೀಯರ ಜೀವನವನ್ನೂ ಒಂದು ದೇಶದ ಚರಿತ್ರೆಯನ್ನೂ ಪೆಟ್ಟಿಗೆಗಳಲ್ಲಿ ತುಂಬಿ ಸಮುದ್ರದಾಚೆಗೆ ಕಳುಹಿಸಿದವರ ಪಾಡೇನಾಗಿರಬೇಕು? ಆ ಸಾಹಸದಲ್ಲಿ ನಮ್ಮ ನೆರೆಯ ಅಹಮದಾಬಾದಿಗೂ ಪಾಲುಂಟೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.

೧೯೫೮ರಲ್ಲಿ ಅಮೇರಿಕೆಯ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಒಂದು ವರದಿಯನ್ನೊಪ್ಪಿಸಿದರು. ಅದರಲ್ಲಿ ಅವರು ಮನಸೋತು ಹೊಗಳಿದ ವಸ್ತು ನಮ್ಮ ಮನೆಮನೆಯ ತಂಬಿಗೆ! ದಿನಕ್ಕೆ ನೂರು ಬಾರಿ ಅದನ್ನು ಹಿಡಿಯುವ ನಮಗೆ ಅದರ ಚೆಲುವು ತೋಚಿರಲಿಲ್ಲ. ಆ ವರದಿಯ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಗೌತಮ ಮತ್ತು ಗೀರಾ ಸಾರಾಭಾಯಿಯವರು ಅದನ್ನು ಬೆಳೆಸಿದರು.

೧೯೬೪ರ ಮೇ ೨೭ರಂದು ನೆಹರೂ ಕಾಲವಾದರು. ಅವರ ಸ್ಮಾರಕ ಪ್ರದರ್ಶನವನ್ನು ಈಮ್ಸ್ ದಂಪತಿಗಳೂ ಈ ಸಂಸ್ಥೆಯವರೂ ಕೂಡಿ ಸಿದ್ಧಪಡಿಸಿದರು. ೧೯೬೫ರ ಜನವರಿಯಲ್ಲಿ ಅದು ನ್ಯೂಯಾರ್ಕಿನಲ್ಲಿ ತೆರೆಯಿತು. ಬಳಿಕ ವಾಷಿಂಗ್ಟನ್, ಲಂಡನ್, ಲಾಸ್ ಏಂಜಲೀಸ್, ದೆಹಲಿಗಳನ್ನೂ ಕಂಡಿತು. ಛಾಯಾಚಿತ್ರಗಳೇ ಅದರ ಮುಖ್ಯ ಭಾಷೆ. ವಿವರಣೆಗೆ ಬಹುಮಟ್ಟಿಗೆ ನೆಹರೂ ಅವರದೇ ಮಾತುಗಳು. ಅವರಿದ್ದ ಸೆರೆಮನೆಯ ಕೋಣೆಯ ಪ್ರತಿರೂಪವನ್ನೂ ನಿಲ್ಲಿಸಿದ್ದರು. ಅದಕ್ಕೆ ಭಾಷಾಂತರಕಾರನೇಕೆ? ದೆಹಲಿಯ ಪ್ರಗತಿ ಮೈದಾನದಲ್ಲಿ ೧೯೭೨ರಲ್ಲಿ ರಾಜ್ ರೇವಲ್ ಅವರು ಈ ಪ್ರದರ್ಶನಕ್ಕಾಗಿ ಕಟ್ಟಿದ ಮಂಟಪವನ್ನು ೨೦೧೭ರಲ್ಲಿ ಕೆಡವಲಾಯಿತು. ಊರೂರು ತಿರುಗಿದ್ದು ಉಳಿದು, ನೆಲೆಯೂರಿದ್ದು ಅಳಿಯಿತೆಂದು ನಮಗನ್ನಿಸಿದ್ದುಂಟು.

ಕೆಲವು ವರ್ಷಗಳ ಹಿಂದೆ ನಾವೂ ಕೆಲವು ಗೆಳೆಯರೂ ಕರ್ನಾಟಕದ ಚಿತ್ರಗಳನ್ನು ಹಲಗೆಗಳಿಗೆ ಅಂಟಿಸಿ ವಡೋದರಾದಲ್ಲಿಯೂ ಸೂರತ್ತಿನಲ್ಲಿಯೂ ತೋರಿಸಿದೆವು. ಹಲಗೆಗಳು ಸೂರತ್ತಿನ ಸಭಾಗೃಹದ ಬಾಗಿಲನ್ನು ದಾಟಲಿಲ್ಲ, ಗರಗಸ ತರಿಸಬೇಕಾಯಿತು. ನಡುವೆ ಸೀಳಿಹೋದ ಹಂಪೆಯ ಕಲ್ಲಿನ ರಥವನ್ನು ಕಂಡು ನಕ್ಕವರೇ ಹೆಚ್ಚು. ಆದರೆ ದೊಡ್ಡ ತಪ್ಪು ನಮ್ಮ ಲೇಖನಿಯದು. ಪ್ರತಿ ಚಿತ್ರದ ಕೆಳಗೂ ಉದ್ದುದ್ದ ಕನ್ನಡ ವಾಕ್ಯಗಳನ್ನು ನಾವೇ ಬರೆದಿದ್ದೆವು. ಗುಜರಾತಿ ಅತಿಥಿಗಳು ಸೌಜನ್ಯದಿಂದ ನಿಂತು, ಕಾಫಿಯ ಕಡೆ ನಡೆದರು. ಅದನ್ನಾದರೂ ಸಹಿಸಬಹುದಿತ್ತು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಆ ಅಕ್ಷರಗಳು ಬರಲಿಲ್ಲ!

ಅಡುಗೆಯವರೊಬ್ಬರ ಮಗಳು ಬಾದಾಮಿಯ ಗುಹೆಯ ಮುಂದೆ ನಿಂತು, ಏನು ಬರೆದಿದೆಯೆಂದು ತಂದೆಯನ್ನು ಗುಜರಾತಿಯಲ್ಲಿ ಕೇಳಿದಳು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು ಅವರು. ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು; ಓದಿದುದನ್ನು ಗುಜರಾತಿಯಲ್ಲಿ ಹೇಳಿದರು. ಬೇರೆ ಮಕ್ಕಳೂ ಬಂದು ಸುತ್ತ ನಿಂತರು. ಕಾಫಿ ಕುಡಿಯುತ್ತಿದ್ದ ಅತಿಥಿಗಳಿಬ್ಬರು ಲೋಟವನ್ನು ಕೈಯಲ್ಲಿ ಹಿಡಿದೇ ಮರಳಿ ಬಂದರು. ಅವರು ಮುಂದಿನ ಹಲಗೆಗೆ ಹೋದರು, ಗುಂಪೂ ಹೋಯಿತು.