ಹೆಸರಿನ ಜಗಳದಲ್ಲಿ ಮರೆತುಹೋದವರು

ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡಲು ಶಿಫಾರಸು ಮಾಡುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯನವರು ಹೇಳಿದಾಗ ವಾಗ್ವಾದವೆದ್ದಿತು. ಅದರಲ್ಲಿ ಮೇರಿ ಮಾತೆಯ ಪ್ರಸ್ತಾಪವಿತ್ತು, ಶಿವಾಜಿ ಮಹಾರಾಜರ ಪ್ರಸ್ತಾಪವಿತ್ತು. ಆ ಬಡಾವಣೆಯ ಬಡವರ ಸುದ್ದಿ ಮಾತ್ರ ಇರಲಿಲ್ಲ.

ಅಲ್ಲಿನ ಬೆಸಿಲಿಕಾ ಅವರನ್ನು ಮರೆತಿಲ್ಲ. ಆಗಸ್ಟ್ 29ರಂದು ಧ್ವಜವೇರಿ, ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ನಡೆದು, ಸೆಪ್ಟೆಂಬರ್ 8ರಂದು ತೇರು ಹೊರಡುವ ಹೊತ್ತಿಗೆ ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳು ಯಾವ ಮತದವೆಂದು ಹೇಳುವುದೇ ಕಷ್ಟ. ತಮಿಳು, ಕನ್ನಡ, ಇಂಗ್ಲಿಷ್ ಭಾಷೆಗಳಲ್ಲಿ ಬಲಿಪೂಜೆ. ಮಾತೆಗೆ ನಮ್ಮ ಮನೆಯ ಹೆಂಗಸರಂತೆಯೇ ಸೀರೆ. ಹಬ್ಬದ ಅಂಗವಾಗಿ ಬಡ ಜೋಡಿಗಳ ಸಾಮೂಹಿಕ ವಿವಾಹವೂ ನಡೆದುಬಂದಿದೆ. ಸಾಲ ಮಾಡದೆ ಮಗಳನ್ನು ಧಾರೆಯೆರೆಯಲಾಗದ ತಂದೆ ಅದರ ಬೆಲೆ ಬಲ್ಲ.

ಈ ನಂಟು ಹಳೆಯದು. ಇಲ್ಲಿನ ಮೊದಲ ಗುಡಿಸಲು ಪ್ರಾರ್ಥನಾಲಯದೊಂದಿಗೆ ಹೆಸರು ಬೆಸೆದುಕೊಂಡಿರುವ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಬ್ಬಿಸಲು ದುಡಿದವರು. ದೇವರ ಕೆಲಸವೂ ದೇಹದ ಕೆಲಸವೂ ಅವರಿಗೆ ಬೇರೆಯಾಗಿರಲಿಲ್ಲವೇನೋ.

ಇಂಥ ಸೇವೆಯಲ್ಲಿ ಮತಾಂತರದ ಸಂಚನ್ನಷ್ಟೇ ಹುಡುಕುವವರು ಹಬ್ಬದ ಸಂಜೆ ಆ ಜನಸಂದಣಿಯಲ್ಲಿ ಅರ್ಧ ಗಂಟೆ ನಿಲ್ಲಬೇಕು. ಮೇಣದಬತ್ತಿ ಹಚ್ಚಿ ಹರಕೆ ತೀರಿಸಿದ ತಾಯಿ ಹಣೆಯ ಕುಂಕುಮದೊಂದಿಗೇ ಮನೆಗೆ ಮರಳುತ್ತಾಳೆ.